ನಾನೂರ ಹದಿಮೂರು ನಕ್ಷತ್ರ ಅಳಿಸಿದವರು

ನನ್ನ ಷಡ್ಡಕರು ಒಂದೇ ಮಧ್ಯಾಹ್ನ, ಊಟಕ್ಕೂ ಸಾಯಂಕಾಲದ ಕಾಫಿಗೂ ನಡುವೆ, ಆಕಾಶದಿಂದ ನಾನೂರ ಹದಿಮೂರು ನಕ್ಷತ್ರಗಳನ್ನು ಅಳಿಸಿಹಾಕಿದವರು. ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಕೆಲಸ ಮುಗಿಸಿದ ರಾಕ್ಷಸ ಯಾವ ಪುರಾಣದಲ್ಲಾದರೂ ಇದ್ದಾನೆಯೇ? ಅದೂ ಕೋಪದಿಂದಲ್ಲ, ತಪಸ್ಸಿನ ಬಲದಿಂದಲ್ಲ. ಒಂದು ಸಣ್ಣ ಚಾಕು ಹಿಡಿದು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಹಳ ಶ್ರದ್ಧೆಯಿಂದ. ಮುಗಿದ ಮೇಲೆ ಎಷ್ಟಾಯಿತೆಂದು ಚೀಟಿಯಲ್ಲಿ ಬರೆದೂ ಇಟ್ಟಿದ್ದರು, ಯಾರಾದರೂ ಹೊಗಳುತ್ತಾರೆಂದು!

ನನ್ನ ಹೆಂಡತಿಯ ಅಕ್ಕನ ಗಂಡ ಅವರು. ಅಣ್ಣತಮ್ಮಂದಿರನ್ನು ದೇವರು ಕೊಡುತ್ತಾನೆ, ಸ್ನೇಹಿತರನ್ನು ನಾವೇ ಹುಡುಕಿಕೊಳ್ಳುತ್ತೇವೆ, ಷಡ್ಡಕರನ್ನು ಮಾತ್ರ ಮಾವನವರು ಆರಿಸಿ ಕೊಡುತ್ತಾರೆ. ನನ್ನ ಮಾವನವರು ಗಟ್ಟಿ ಮನುಷ್ಯರು, ಬದನೆಕಾಯನ್ನು ಕೂಡ ನಾಲ್ಕು ಸಲ ತಿರುಗಿಸಿ ನೋಡದೆ ಕೊಳ್ಳುತ್ತಿರಲಿಲ್ಲ. ಅಂಥವರು ಹಿರಿಯ ಮಗಳಿಗೆ ಇಂಥ ವರನನ್ನು ಹೇಗೆ ಆರಿಸಿದರು ಎನ್ನುವುದು ನನಗೆ ಬಹಳ ವರ್ಷ ಬಗೆಹರಿಯದ ಪ್ರಶ್ನೆಯಾಗಿತ್ತು. ಅದರ ಉತ್ತರ ನನಗೆ ಸಿಕ್ಕಿದ್ದು ಹದಿನೈದು ವರ್ಷ ತಡವಾಗಿ, ಅದಕ್ಕೆ ಆಮೇಲೆ ಬರುತ್ತೇನೆ.

ಅವರ ಕೆಲಸ ಯಶವಂತಪುರದ ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಒಂದು ಫೋಟೋ ಸ್ಟುಡಿಯೋದಲ್ಲಿ. ಫೋಟೋ ತೆಗೆಯುವುದಲ್ಲ, ತಿದ್ದುವುದು. ಆಗ ಫೋಟೋ ಮೊದಲು ಗಾಜಿನ ಮೇಲೆ ಮೂಡುತ್ತಿತ್ತು, ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ. ಆ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಗಿರಾಕಿಯ ಮೊಡವೆ, ಸಿಡುಬಿನ ಕಲೆ, ಮಚ್ಚೆ, ಹುಬ್ಬಿನ ನಡುವಿನ ಗೆರೆ ಎಲ್ಲವನ್ನೂ ಮಾಯ ಮಾಡಬೇಕು. ಅದಕ್ಕೆ ಅವರ ಬಳಿ ಎರಡೇ ಆಯುಧ. ಮುಖದ ಕಪ್ಪು ಚುಕ್ಕೆ ಗಾಜಿನಲ್ಲಿ ಬೆಳ್ಳಗಿರುತ್ತದೆ, ಅದರ ಮೇಲೆ ಪೆನ್ಸಿಲ್ ಹಚ್ಚಬೇಕು. ಮುಖದ ಬಿಳಿ ಚುಕ್ಕೆ ಗಾಜಿನಲ್ಲಿ ಕಪ್ಪಗಿರುತ್ತದೆ, ಅದನ್ನು ಚಾಕುವಿನಿಂದ ಕೆರೆಯಬೇಕು. ಪೆನ್ಸಿಲ್ ಹಚ್ಚಿದ್ದು ಟರ್ಪೆಂಟೈನಿನಲ್ಲಿ ಒರೆಸಿದರೆ ಹೋಗುತ್ತದೆ, ಕೆರೆದದ್ದು ಮಾತ್ರ ಹೋಯಿತೆಂದರೆ ಹೋಯಿತು ಎಂದು ಅವರು ನನಗೊಮ್ಮೆ ವಿವರಿಸಿದ್ದರು. ಆ ಮಾತನ್ನು ನಾನು ಎರಡು ಆಕಳಿಕೆಗಳ ನಡುವೆ ಕೇಳಿಸಿಕೊಂಡೆ.

ಕೆಲಸ ಕೈಗೆ ಹತ್ತಿದರೆ ಬಿಡುತ್ತದೆಯೇ? ಎಲ್ಲಿ ಚುಕ್ಕೆ ಕಂಡರೂ ಅವರ ಬೆರಳು ತಡೆಯುತ್ತಿರಲಿಲ್ಲ. ಬಾಳೆಹಣ್ಣಿನ ಸಿಪ್ಪೆ ಸುಲಿಯುವ ಮೊದಲು ಅದರ ಮೇಲಿನ ಕಪ್ಪು ಚುಕ್ಕೆಗಳನ್ನು ಉಗುರಿನಿಂದ ಕೆರೆಯುತ್ತಿದ್ದರು. ಸುಲಿದು ಬಿಸಾಡುವ ಸಿಪ್ಪೆಗೆ ಈ ಶೃಂಗಾರ! ಉಪ್ಪಿಟ್ಟಿನಲ್ಲಿ ಸಾಸಿವೆಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನ್ನ ಮುಖವನ್ನೇ ಅವರು ಬಹಳ ಹೊತ್ತು ನೋಡುತ್ತಿದ್ದಾಗ ಪ್ರೀತಿಯೆಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನನ್ನ ಮೂಗಿನ ಮೇಲಿನ ಗುಳಿಯನ್ನು ಮನಸ್ಸಿನಲ್ಲೇ ತುಂಬುತ್ತಿದ್ದರು.

ಯಲಹಂಕದ ಹಳೆಯ ಊರಿನಲ್ಲಿದ್ದ ಅವರ ಮನೆಯ ಹಜಾರದಲ್ಲಿ ಅಕ್ಕನ ಒಂದು ಫೋಟೋ ತೂಗುಹಾಕಿತ್ತು. ಹೆಂಡತಿಯ ಅಕ್ಕನನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕನ ಎಡಗೆನ್ನೆಯ ಮೇಲೆ ಮೆಣಸಿನಕಾಳಿನಷ್ಟು ದಪ್ಪದ ಒಂದು ಮಚ್ಚೆ. ಫೋಟೋದಲ್ಲಿ ಕೆನ್ನೆ ನುಣ್ಣಗೆ, ತೊಳೆದ ಬೋಸಿಯ ಹಾಗೆ! ಕಟ್ಟಿಕೊಂಡ ಹೆಂಡತಿಯ ಮಚ್ಚೆಯನ್ನೂ ಬಿಡಲಿಲ್ಲವಲ್ಲ ಎಂದು ನಾನು ಹೋದಾಗಲೆಲ್ಲ ಅವರನ್ನು ಛೇಡಿಸುತ್ತಿದ್ದೆ. ಅವರು ಪೆಚ್ಚಾಗಿ ನಗುತ್ತಿದ್ದರು. ಅಕ್ಕ ಒಳಗೆ ಹೋಗಿ ಕಾಫಿ ತರುತ್ತಿದ್ದರು. ನನ್ನ ಹೆಂಡತಿ ಮಾತ್ರ ನನ್ನ ಕಾಲು ತುಳಿಯುತ್ತಿದ್ದಳು, ಯಾಕೆಂದು ನಾನು ಕೇಳಿದವನಲ್ಲ.

ಈಗ ನಕ್ಷತ್ರಗಳ ವಿಷಯ. ಐವತ್ತರ ದಶಕದ ನಡುವಿನಲ್ಲಿ, ಯಶವಂತಪುರದಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು ಒಂದು ಗಾಜನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ಬಂದರು. ದಕ್ಷಿಣದ ಒಂದು ಬೆಟ್ಟದ ಮೇಲಿನ ವೇಧಶಾಲೆಯಲ್ಲಿ ಬಹಳ ವರ್ಷಗಳ ಹಿಂದೆ ತೆಗೆದ, ರಾತ್ರಿಯ ಆಕಾಶದ ನೆಗೆಟಿವ್ ಅದು. ಅಲ್ಲಿದ್ದ ಹಳೆಯ ಶಿಷ್ಯನೊಬ್ಬ ಮೇಷ್ಟ್ರಿಗೆ ಕಳಿಸಿಕೊಟ್ಟಿದ್ದ. ಅದರ ದೊಡ್ಡದೊಂದು ಪ್ರತಿ ಮಾಡಿಕೊಡಿ, ಮಕ್ಕಳಿಗೆ ತೋರಿಸಬೇಕು, ಸ್ವಲ್ಪ ಕ್ಲೀನ್ ಆಗಿರಲಿ ಎಂದು ಹೇಳಿ ಮೇಷ್ಟ್ರು ಊಟಕ್ಕೆ ಹೋದರು.

ಕ್ಲೀನ್ ಎಂದರೆ ನನ್ನ ಷಡ್ಡಕರಿಗೆ ಬೇರೆ ಅರ್ಥ ಹೇಗೆ ಹೊಳೆಯಬೇಕು? ಗಾಜನ್ನು ಕಿಟಕಿಗೆ ಹಿಡಿದರು. ಮುಖವಿಲ್ಲ, ಮೂಗಿಲ್ಲ, ಬರೀ ಕಪ್ಪು ಚುಕ್ಕೆ. ಅಯ್ಯೋ ಪಾಪ, ಮಳೆಗಾಲದಲ್ಲಿ ಬೂಸಲು ಹಿಡಿದಿದೆ ಎಂದು ಮರುಗಿದರು. ಚಾಕು ಮಸೆದು ಬಲಗಡೆಯ ಕೆಳಮೂಲೆಯಿಂದ ಶುರುಮಾಡಿದರು. ಸಾಯಂಕಾಲ ಮೇಷ್ಟ್ರು ಬಂದಾಗ ಒಂದು ಮೂಲೆ ಹಾಲಿನಲ್ಲಿ ತೊಳೆದಂತಾಗಿತ್ತು. "ತುಂಬಾ ಕೊಳೆ ಇತ್ತು ಸಾರ್. ಇವತ್ತಿಗೆ ನಾನೂರ ಹದಿಮೂರು ತೆಗೆದಿದೀನಿ, ಮಿಕ್ಕಿದ್ದು ನಾಳೆ," ಎಂದರು.

ಮೇಷ್ಟ್ರು ಗಿರಾಕಿಗಳ ಫೋಟೋಗೆಂದು ಇಟ್ಟಿದ್ದ ರಾಜಾಸನದಂಥ ಕುರ್ಚಿಯಲ್ಲಿ ಮೆಲ್ಲಗೆ ಕುಳಿತುಕೊಂಡರಂತೆ. ಅವರು ಬೈದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬೈಯಲಿಲ್ಲ. ಬಹಳ ಹೊತ್ತು ಆ ಬೋಳು ಮೂಲೆಯನ್ನು ನೋಡಿ, "ಹೋಗ್ಲಿ ಬಿಡಯ್ಯ. ಅದರಲ್ಲಿ ನಮ್ಮ ಪಕ್ಕದ ಮನೆಯವನೂ ಒಬ್ಬ ಇದ್ದನೇನೋ," ಎಂದರು.

ಆ ಒಂದು ಮಾತು ನನ್ನ ಷಡ್ಡಕರ ಗಂಟಲಲ್ಲಿ ಮೀನಿನ ಮುಳ್ಳಾಯಿತು. ಮೀನು ತಿನ್ನದ ಮನುಷ್ಯ, ಆದರೂ ಹೇಳುತ್ತಿದ್ದೇನೆ. ಪಕ್ಕದ ಮನೆಯವನು ಯಾರು ಎಂದು ಕೇಳಲು ಮೂರು ದಿನ ಮೇಷ್ಟ್ರ ಮನೆಗೆ ಅಲೆದರು. ಮೇಷ್ಟ್ರು ಹೇಳಿದ ಪಾಠವನ್ನು ಆಮೇಲೆ ಅವರು ನನಗೆ ಎಷ್ಟು ಸಲ ಒಪ್ಪಿಸಿದ್ದಾರೆಂದರೆ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ನಮ್ಮ ಕಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಹೆಚ್ಚಿನವು ದೊಡ್ಡವು, ದೂರದವು. ನಮ್ಮ ಸೂರ್ಯನ ನೆರೆಹೊರೆಯಲ್ಲಿ ಇರುವವರು ಬಹುಪಾಲು ಕುಳ್ಳ ನಕ್ಷತ್ರಗಳು. ಗಾತ್ರ ಸಣ್ಣದು, ಬೆಳಕು ಮಂದ, ಬಿಸಿ ಕಡಿಮೆ, ಬಣ್ಣ ಕೆಂಪು. ಪಕ್ಕದಲ್ಲೇ ಇದ್ದರೂ ಒಂದೂ ಬರಿಗಣ್ಣಿಗೆ ಕಾಣುವುದಿಲ್ಲ. ಗಾಜಿನ ಮೇಲೆ ಕೂಡ ಅವು ಸಾವಿರಾರು ಚುಕ್ಕೆಗಳ ನಡುವೆ ಒಂದು ಚುಕ್ಕೆ, ಅಷ್ಟೇ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಅದಕ್ಕೆ ಮೇಷ್ಟ್ರು ರೈಲಿನ ಉದಾಹರಣೆ ಕೊಟ್ಟಿದ್ದರು. ಯಲಹಂಕದಿಂದ ಯಶವಂತಪುರಕ್ಕೆ ರೈಲಿನಲ್ಲಿ ಬರುವಾಗ ಹಳಿಯ ಪಕ್ಕದ ತಂತಿಕಂಬ ಓಡುತ್ತದೆ, ದೂರದ ನಂದಿಬೆಟ್ಟ ನಿಂತಲ್ಲೇ ನಿಂತಿರುತ್ತದೆ. ಆಕಾಶದಲ್ಲೂ ಹಾಗೆಯೇ. ಒಂದೇ ಜಾಗದ ಫೋಟೋ ಇವತ್ತೊಂದು, ಹತ್ತು ವರ್ಷ ಬಿಟ್ಟು ಇನ್ನೊಂದು ತೆಗೆದು, ಎರಡನ್ನೂ ಬೇಗಬೇಗ ಅದಲುಬದಲಾಗಿ ನೋಡಿದರೆ ದೂರದವರೆಲ್ಲ ಸುಮ್ಮನಿರುತ್ತಾರೆ, ಹತ್ತಿರದವನು ಮಾತ್ರ ಕುಪ್ಪಳಿಸುತ್ತಾನೆ. ಕುಪ್ಪಳಿಸಿದವನೇ ಪಕ್ಕದ ಮನೆಯವನು.

ಷಡ್ಡಕರು ಮೇಷ್ಟ್ರ ಕಾಲು ಹಿಡಿದರು. ಅಳಿಸಿದವನೇ ಹುಡುಕಿ ಇಡಬೇಕು, ಆಕಾಶದ ಅದೇ ಜಾಗದ ಫೋಟೋ ಇನ್ನೊಮ್ಮೆ ತೆಗೆಸಿಕೊಡಿ ಎಂದರು. ಮೇಷ್ಟ್ರು ಬೆಟ್ಟಕ್ಕೆ ಬರೆದರು. ಎಂಟು ತಿಂಗಳ ಮೇಲೆ ಹೊಸ ಗಾಜು ಬಂತು. ಅದರ ಜೋಡಿ ಗಾಜಿಗೆ ಹತ್ತು ವರ್ಷ ಕಾಯಬೇಕು ಎಂದಾಗ ಷಡ್ಡಕರು, ಕಾಯೋಣ, ಅದಕ್ಕೇನಂತೆ ಎಂದರಂತೆ. ಬಸ್ಸಿಗೆ ಹತ್ತು ನಿಮಿಷ ಕಾಯಲಾರದೆ ನಡೆದುಬಿಡುವ ಮನುಷ್ಯ!

ಅಲ್ಲಿಂದ ಶುರುವಾಯಿತು ಅಭ್ಯಾಸ. ಹಳೆಯ ಗಾಜಿನಲ್ಲಿ ಚಾಕು ತಗಲದೆ ಉಳಿದಿದ್ದ ಭಾಗವನ್ನು ಹೊಸ ಗಾಜಿನ ಜೊತೆ ಹೋಲಿಸಿ ಕಣ್ಣು ಪಳಗಿಸಿಕೊಳ್ಳುವುದು. ಅದಕ್ಕೊಂದು ಯಂತ್ರ ಬೇಕಲ್ಲ? ದೇಶಾಂತರಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಉಪಕರಣಗಳಿವೆಯಂತೆ. ಯಲಹಂಕದಲ್ಲಿ ಇದ್ದದ್ದು ಅಕ್ಕನ ಹೊಲಿಗೆ ಯಂತ್ರ. ಕಿಟಕಿಗೆ ಎರಡು ಗಾಜು, ಮುಂದೆ ಎರಡು ಭೂತಗನ್ನಡಿ, ಎರಡು ಚಿತ್ರವನ್ನೂ ಒಂದೇ ಕಿಂಡಿಗೆ ತರಲು ಮುಖ ನೋಡುವ ಕನ್ನಡಿಯ ಚೂರುಗಳು. ನಡುವೆ ಅರ್ಧ ಕತ್ತರಿಸಿದ ಒಂದು ತಗಡಿನ ಬಿಲ್ಲೆ. ಅದಕ್ಕೆ ಹೊಲಿಗೆ ಯಂತ್ರದ ಬೆಲ್ಟು. ಕಾಲಲ್ಲಿ ತುಳಿದರೆ ಬಿಲ್ಲೆ ತಿರುಗಿ ಒಮ್ಮೆ ಎಡಗಾಜು, ಒಮ್ಮೆ ಬಲಗಾಜು, ಟಕ್ ಟಕ್ ಟಕ್.

ಅಕ್ಕ ಊರಿನವರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಹೀಗಾಗಿ ಭಾನುವಾರದ ಯಂತ್ರಕ್ಕೆ ಒಪ್ಪಂದವಾಯಿತು. ಬೆಳಿಗ್ಗೆ ಭೂಮಿಯ ಕೆಲಸ, ಮಧ್ಯಾಹ್ನ ಆಕಾಶದ ಕೆಲಸ. ಹೌದು, ಮಧ್ಯಾಹ್ನ. ಮನೆಗೆ ಕರೆಂಟಿರಲಿಲ್ಲ, ಕಿಟಕಿಯ ಬಿಸಿಲೇ ಗತಿ. ಲೋಕದಲ್ಲಿ ಹಗಲು ಹನ್ನೆರಡರ ಬಿಸಿಲಲ್ಲಿ ನಕ್ಷತ್ರ ಹುಡುಕಿದ ಮನುಷ್ಯ ಇವರೊಬ್ಬರೇ ಇರಬೇಕು! ರಾತ್ರಿ ಎಂಟೂವರೆಗೆ ಮಲಗಿಬಿಡುತ್ತಿದ್ದರು.

ಒಮ್ಮೆ ಪಕ್ಕದ ಬೀದಿಯ ಹೆಂಗಸೊಬ್ಬಳು ರವಿಕೆ ಕೇಳಲು ಬಂದವಳು ಗಂಡಸು ಯಂತ್ರ ತುಳಿಯುವುದನ್ನು ಕಂಡು ಬೆರಗಾದಳು. ನಿಮ್ಮೆಜಮಾನ್ರು ಏನು ಹೊಲಿಯುತ್ತಿದ್ದಾರೆ ಎಂದು ಕೇಳಿದಳು. ಅಕ್ಕ ಗುಂಡಿ ಹಚ್ಚುತ್ತಾ, ತಲೆಯೆತ್ತದೆ, ಆಕಾಶ ಎಂದರು.

"ಯಾಕವ್ವಾ, ಅರ್ದೋಗಿತ್ತಾ?"

"ಹ್ಞೂಂ. ಹರಿದೋರೂ ಅವರೇ," ಎಂದರು ಅಕ್ಕ.

ಇನ್ನು ನಕ್ಷತ್ರ ನೋಡುವವರು ಎಂಬ ಸುದ್ದಿ ಸುತ್ತ ಹರಡಿದರೆ ಏನಾಗುತ್ತದೆ? ಜಾತಕ ಹಿಡಿದುಕೊಂಡು ಜನ ಬರತೊಡಗಿದರು. ಕೊಡಿಗೇಹಳ್ಳಿಯಿಂದ ಒಬ್ಬ ರೈತ ಮಗಳನ್ನು ಕರೆದುಕೊಂಡು, ಒಂದು ಗೊನೆ ಬಾಳೆಹಣ್ಣು ಹೊತ್ತು ಬಂದಿದ್ದ. ಇವಳ ನಕ್ಷತ್ರ ನೋಡಿ ಸಂಬಂಧ ಕೂಡುತ್ತದೋ ಇಲ್ಲವೋ ಹೇಳಬೇಕಂತೆ. ತಾನು ನೋಡುವುದು ಯಾರೂ ಹುಟ್ಟದ ನಕ್ಷತ್ರಗಳನ್ನು ಮಾತ್ರ ಎಂದು ಷಡ್ಡಕರು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಕೊನೆಗೆ ಅವರು ಹುಡುಗಿಯ ಫೋಟೋ ತೋರಿಸು ಎಂದರು. ಫೋಟೋವನ್ನೂ ಹುಡುಗಿಯ ಮುಖವನ್ನೂ ಎರಡು ಮೂರು ಸಲ ನೋಡಿ, "ಇದ್ದದ್ದು ಇದ್ದ ಹಾಗೇ ಇದೆ. ಇದನ್ನೇ ಕಳ್ಸಿ, ಯಾರ ಕೈಲೂ ತಿದ್ದಿಸ್ಬೇಡಿ," ಎಂದರು. ಇದೆಂಥ ಜ್ಯೋತಿಷ್ಯವೋ ನನಗೆ ತಿಳಿಯಲಿಲ್ಲ. ಸಂಬಂಧ ಕೂಡಿತಂತೆ, ಇನ್ನೊಂದು ಗೊನೆ ಬಂತು. ಎರಡೂ ಗೊನೆಯ ಚುಕ್ಕೆಗಳನ್ನು ಕೆರೆಯುವುದರಲ್ಲಿ ಆ ವಾರ ಕಳೆಯಿತು.

ನಾನು ಹೆಬ್ಬಾಳದಲ್ಲಿ ಇದ್ದವನು. ಒಂದು ಸಾಯಂಕಾಲ ಅವರು ನಮ್ಮ ಮನೆಗೆ ಬಂದಾಗ ಕೆರೆ ಏರಿಯ ಮೇಲೆ ತಿರುಗಾಡಲು ಕರೆದುಕೊಂಡು ಹೋದೆ. ಕತ್ತಲಾಗುತ್ತಿತ್ತು. ಒಂದು ನಕ್ಷತ್ರವನ್ನಾದರೂ ತೋರಿಸಿ ಎಂದೆ. ಅವರು ಬಹಳ ಯೋಚಿಸಿ ಕೈ ತೋರಿಸಿದ್ದು ಜಕ್ಕೂರಿನ ವಿಮಾನದ ಮೈದಾನದ ದೀಪಕ್ಕೆ! ನಾನು ನಕ್ಕಾಗ ಅವರು ಸಂಕೋಚದಿಂದ, ಮೇಲೆ ಹೊಳೆಯುತ್ತಿದ್ದ ನಾಲ್ಕಾರು ನಕ್ಷತ್ರಗಳ ಕಡೆ ನೋಡುತ್ತಾ, "ಇವರ ಪರಿಚಯ ನನಗಿಲ್ಲ ಕಣ್ರೀ. ಇವರೆಲ್ಲ ದೊಡ್ಡವರು," ಎಂದರು.

ಅವರ ಪರಿಚಯವೆಲ್ಲ ಕುಳ್ಳರ ಜೊತೆ. ಮಂದ, ತಣ್ಣಗೆ, ಕುಳ್ಳ, ಹತ್ತಿರ. ಈ ನಾಲ್ಕು ಲಕ್ಷಣಗಳನ್ನು ಹೇಳುವಾಗ ಅವರು ನನ್ನ ಕಡೆಗೇ ನೋಡುತ್ತಿದ್ದುದು ಕಾಕತಾಳೀಯವಿರಬಹುದು. ನಾನು ಐದಡಿ ಎರಡಂಗುಲ, ಬಸ್ಸಿನಲ್ಲಿ ಅರ್ಧ ಗಂಟೆಯ ದೂರ. ತಣ್ಣಗೆ ಎಂದರೆ ಎಷ್ಟು ಎಂದು ಒಮ್ಮೆ ಕೇಳಿದ್ದೆ. ಎರಡು ಮೂರು ಸಾವಿರ ಡಿಗ್ರಿ ಎಂದರು. ಅದನ್ನು ತಣ್ಣಗೆ ಎನ್ನುವ ಮನುಷ್ಯನಿಗೆ ಕಾಫಿ ಆರಿತು ಎಂದು ಅಕ್ಕ ಎಷ್ಟು ಕೂಗಿದರೆ ಏನು ಪ್ರಯೋಜನ? ಕಿಂಡಿಯಿಂದ ಕಣ್ಣು ತೆಗೆಯುವಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿ ಗಟ್ಟಿಯಾಗಿರುತ್ತಿತ್ತು.

ಅಭ್ಯಾಸದ ನಾಲ್ಕನೆಯ ವರ್ಷವೋ ಐದನೆಯ ವರ್ಷವೋ, ಒಂದು ಭಾನುವಾರ ಅವರು ನನಗೆ ಹೇಳಿಕಳಿಸಿದರು. ಒಬ್ಬ ಸಿಕ್ಕಿದ್ದಾನೆ, ಕುಪ್ಪಳಿಸುತ್ತಿದ್ದಾನೆ, ತಕ್ಷಣ ಬನ್ನಿ. ಬಿಸಿಲಲ್ಲಿ ಬಸ್ಸು ಹಿಡಿದು ಓಡಿದೆ. ಮೇಷ್ಟ್ರೂ ಆ ವಯಸ್ಸಿನಲ್ಲಿ ಕೊಡೆ ಹಿಡಿದು ರೈಲಿನಲ್ಲಿ ಬಂದಿದ್ದರು. ಮೇಷ್ಟ್ರು ಕಿಂಡಿಯಲ್ಲಿ ನೋಡಿದರು. ಹೌದು, ಕುಪ್ಪಳಿಸುತ್ತಿದೆ ಎಂದರು. ಇಷ್ಟು ವೇಗವಾಗಿ ಚಲಿಸುವುದು ಲೋಕದಲ್ಲೇ ಇಲ್ಲ ಎಂದರು. ಆಮೇಲೆ ಇನ್ನೊಮ್ಮೆ ಕಣ್ಣಿಟ್ಟು, ಈಗ ನಡೆಯುತ್ತಿದೆ ಎಂದರು. ಇರುವೆ! ಅಕ್ಕ ಹಿಂದಿನ ದಿನ ಮಾಡಿದ್ದ ರವೆ ಉಂಡೆಯ ಕೈಯಲ್ಲೇ ಷಡ್ಡಕರು ಗಾಜು ಮುಟ್ಟಿದ್ದರು. ಮೇಷ್ಟ್ರು ಉಳಿದ ಉಂಡೆಗಳನ್ನು ತಿಂದು, ವಿಜ್ಞಾನದಲ್ಲಿ ಇದೆಲ್ಲ ಆಗುತ್ತದೆ ಎಂದು ಸಮಾಧಾನ ಹೇಳಿ ಹೋದರು.

ಜೋಡಿ ಗಾಜು ಬರುವ ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಆದರೆ ಬೆಟ್ಟದ ಶಿಷ್ಯನಿಗೆ ಹೇಳಿಹೋಗಿದ್ದರು. ಹತ್ತನೆಯ ವರ್ಷ ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಂದು ಯಶವಂತಪುರದ ಸ್ಟೇಷನ್ನಿಗೆ ಬಂತು. ಷಡ್ಡಕರು ಅದನ್ನು ತೊಡೆಯ ಮೇಲಿಟ್ಟುಕೊಂಡು ಯಲಹಂಕದವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೈಲು ಕುಲುಕಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಏನ್ರೀ ಅದು, ಮೊಟ್ಟೆಯಾ ಎಂದು ಎದುರಿಗಿದ್ದವರು ಕೇಳಿದರು. ಹೌದು ಎಂದುಬಿಟ್ಟರು.

ಆದರೆ ಆ ಹತ್ತು ವರ್ಷದಲ್ಲಿ ಇನ್ನೊಂದು ಸಂಗತಿಯೂ ನಡೆದಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಸ್ಟುಡಿಯೋದ ಮಾಲೀಕರು ತಿದ್ದುವ ಕೆಲಸ ಬಿಡಿಸಿ ಗಾಜು ತೊಳೆಯುವ ಕೆಲಸ ಕೊಟ್ಟು ಆರು ತಿಂಗಳಾಗಿತ್ತಂತೆ. ಉಪ್ಪಿಟ್ಟಿನ ಸಾಸಿವೆ ಆರಿಸುವುದನ್ನು ಅವರು ಬಿಟ್ಟಿದ್ದಾರೆಂದು ನನಗೆ ಖುಷಿಯಾಗಿತ್ತು, ಕಾಣುತ್ತಿಲ್ಲವೆಂದು ಹೊಳೆದಿರಲಿಲ್ಲ. ಇಷ್ಟು ತಮಾಷೆ ಮಾಡಿದ ನನಗೆ ಇದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರು ಭಾನುವಾರ ಅವರು ಕಿಂಡಿಗೆ ಕಣ್ಣಿಟ್ಟು ತುಳಿದರು. ಮೂರನೆಯ ಭಾನುವಾರ ನಾವು ಗಂಡಹೆಂಡತಿ ಅಲ್ಲಿದ್ದೆವು. ಎರಡು ಗಂಟೆಯ ಹೊತ್ತಿಗೆ ತುಳಿಯುವುದು ನಿಂತಿತು. ಏನಾಯಿತು ಎಂದೆ. ಎಲ್ಲವೂ ಕುಪ್ಪಳಿಸುತ್ತಿದೆ, ಇಲ್ಲದಿದ್ದರೆ ಏನೂ ಕಾಣುತ್ತಿಲ್ಲ ಎಂದು ಕಣ್ಣೊರೆಸಿಕೊಂಡರು. "ಮೇಷ್ಟ್ರು ಹೇಳಿದ್ದು ನಿಜ ಕಣ್ರೀ. ಪಕ್ಕದ ಮನೆಯವನು ಇದ್ದ. ನಾನೇ ಕೆರೆದ್‌ಬಿಟ್ಟೆ," ಎಂದರು.

ಕೆರೆದದ್ದು ಗಾಜಿನ ಮೇಲಿನ ಮಸಿ, ಮೇಲಿರುವುದಕ್ಕೆ ಏನಾಗುತ್ತದೆ ಎಂದು ನಾನು ಬುದ್ಧಿ ಹೇಳಲು ಹೊರಟೆ. ಅವರಿಗೆ ಅದು ಗೊತ್ತಿಲ್ಲದೆ ಇತ್ತೇ? ಗೊತ್ತಿದ್ದರೂ ಕೈ ಕೇಳಬೇಕಲ್ಲ. ಹತ್ತು ವರ್ಷ ಆ ಕೈಯನ್ನು ಹೊತ್ತುಕೊಂಡು ತಿರುಗಿದವರು ಅವರು.

ಅಷ್ಟರಲ್ಲಿ ಅಕ್ಕ ಕೈಯಲ್ಲಿದ್ದ ರವಿಕೆ ಕೆಳಗಿಟ್ಟು ಎದ್ದು ಬಂದರು. "ಏಳಿ ಆ ಕಡೆ. ನಾನು ನೋಡ್ತೀನಿ, ನೀವು ತುಳೀರಿ," ಎಂದರು.

ಹತ್ತು ವರ್ಷದಲ್ಲಿ ಅಕ್ಕ ಒಮ್ಮೆಯೂ ಆ ಕಿಂಡಿಗೆ ಕಣ್ಣಿಟ್ಟಿರಲಿಲ್ಲ. ಇವರು ತುಳಿದರು, ಅವರು ನೋಡಿದರು. ಸಾಲುಸಾಲಾಗಿ, ಮೇಲಿನಿಂದ ಕೆಳಕ್ಕೆ, ಹೊಲಿಗೆಯಲ್ಲಿ ತಪ್ಪಿದ ದಾರ ಹುಡುಕುವ ಹಾಗೆ. ನಾನು ಗೋಡೆಗೆ ಒರಗಿ ನಿದ್ದೆ ಮಾಡಿದೆ. ಎದ್ದಾಗ ಬಿಸಿಲು ಕಿಟಕಿಯ ಅಂಚಿಗೆ ಬಂದಿತ್ತು, ಟಕ್ ಟಕ್ ಇನ್ನೂ ನಡೆದಿತ್ತು.

"ನಿಲ್ಲಿಸ್ಬೇಡಿ," ಎಂದರು ಅಕ್ಕ ಮೆಲ್ಲಗೆ. "ಇಲ್ಲೊಂದು ಎದ್ದೆದ್ದು ಕೂತ್ಕೊತಿದೆ."

ಇರುವೆ ಇರಬೇಕು ಎಂದೆ ನಾನು. ಯಾರೂ ನಗಲಿಲ್ಲ. ಷಡ್ಡಕರು ಗಾಜುಗಳನ್ನು ತೆಗೆಸಿ, ರೇಷ್ಮೆ ಬಟ್ಟೆಯಲ್ಲಿ ಒರೆಸಿಸಿ ಮತ್ತೆ ಇಡಿಸಿದರು. ಎದ್ದು ಕೂರುತ್ತಿತ್ತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಸಿದರು. ಈ ಸಲ ಹಿಂದುಮುಂದಾಗಿ ಕುಪ್ಪಳಿಸಿತು. ಭೂತಗನ್ನಡಿಯ ಕೊಳೆಯಾಗಿದ್ದರೆ ಹಾಗೆ ಆಗುವುದಿಲ್ಲವಂತೆ. ಎಲ್ಲಿದೆ ಎಂದು ಕೇಳಿದರು. ಕೆಳಮೂಲೆಯಲ್ಲಿ, ಸಾಲಾಗಿರುವ ಮೂರರ ಕೆಳಗೆ, ಸೂಜಿಯ ಮೊನೆಯಷ್ಟು ಎಂದು ಅಕ್ಕ ಹೇಳಿದರು. ಅದು ಆ ಮೂಲೆಯೇ, ಚಾಕು ಹಾಕಿದ್ದ ಮೂಲೆ. ಇವರು ಕಿಂಡಿಗೆ ಕಣ್ಣಿಡಲಿಲ್ಲ. ಯಂತ್ರದ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿ ಕೂತುಬಿಟ್ಟರು.

ಬೆಟ್ಟಕ್ಕೆ ಬರೆದರು. ಎರಡು ತಿಂಗಳಿಗೆ ಉತ್ತರ ಬಂತು. ನೀವು ಕಂಡದ್ದು ನಿಜವಾಗಿಯೂ ನಮ್ಮ ಹತ್ತಿರದ ಒಂದು ಕುಳ್ಳ ನಕ್ಷತ್ರವೇ, ಆದರೆ ಹೊರದೇಶದಲ್ಲಿ ಒಬ್ಬರು ಅದನ್ನು ಎಷ್ಟೋ ವರ್ಷಗಳ ಹಿಂದೆಯೇ ಗುರುತಿಸಿ ಪಟ್ಟಿಗೆ ಸೇರಿಸಿದ್ದಾರೆ, ಅದಕ್ಕೊಂದು ನಂಬರೂ ಇದೆ, ವಿಷಾದಿಸುತ್ತೇವೆ ಎಂದು ಬರೆದಿದ್ದರು. ನಾನು ಸಮಾಧಾನ ಹೇಳಲು ಎರಡು ಗಾದೆ ಸಿದ್ಧಮಾಡಿಕೊಂಡು ಹೆಂಡತಿಯ ಜೊತೆ ಹೋದೆ. ಅವರು ಬಾಗಿಲಲ್ಲೇ ಕಾಗದ ಹಿಡಿದು ಮದುವೆಮನೆಯ ಕಳೆಯಲ್ಲಿ ನಿಂತಿದ್ದರು. "ಆವಾಗ್ಲೇ ಇತ್ತಂತೆ ಕಣ್ರೀ. ನಾನು ಕೆರೆದಾಗ್ಲೂ ಇತ್ತು, ಆಮೇಲೂ ಇತ್ತು," ಎಂದರು. ಕಂಡುಹಿಡಿದ ಹೆಸರು ಯಾರಿಗೆ ಬೇಕಾಗಿತ್ತು? ಗಾದೆಗಳನ್ನು ಹಾಗೆಯೇ ವಾಪಸು ತಂದೆ.

ಒಳಗೆ ಹೋಗಿ ಅಭ್ಯಾಸದಂತೆ ಛೇಡಿಸಲು ಗೋಡೆಯ ಕಡೆ ತಿರುಗಿದೆ. ಅಕ್ಕನ ಫೋಟೋ ಇರಲಿಲ್ಲ, ಮೊಳೆ ಮಾತ್ರ ಇತ್ತು. ಎಲ್ಲಿ ಹೋಯಿತು ನುಣ್ಣನೆಯ ಕೆನ್ನೆ ಎಂದು ಕೇಳಿದೆ. ನನ್ನ ಹೆಂಡತಿ ಮತ್ತೆ ಕಾಲು ತುಳಿದಳು. "ಇರ್ಲಿ ಬಿಡೇ, ಇನ್ನು ಹೇಳ್ಬಹುದು," ಎಂದರು ಅಕ್ಕ.

ಆ ಫೋಟೋ ಮದುವೆಯಾದ ಮೇಲಿನದ್ದಲ್ಲ. ಅಕ್ಕನಿಗೆ ಗಂಡು ಹುಡುಕುವಾಗ ಮಾವನವರು ಯಶವಂತಪುರದಲ್ಲಿ ತೆಗೆಸಿದ್ದು. ಮಚ್ಚೆ ಕಾಣದ ಹಾಗೆ ಮಾಡಿ ಎಂದು ಅವರೇ ಹೇಳಿದ್ದರು. ಸ್ಟುಡಿಯೋದ ಹುಡುಗ ಪೆನ್ಸಿಲ್ ಹಚ್ಚಿದ. ಫೋಟೋ ನೋಡಿ ಗಂಡಿನ ಕಡೆಯವರು ಒಪ್ಪಿ ಬಂದರು. ಬಂದು ಮುಖ ನೋಡಿದರು. ಮಚ್ಚೆಯೇನೂ ದೊಡ್ಡದಲ್ಲ, ಆದರೆ ಫೋಟೋದಲ್ಲಿ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂದು ಹೇಳಿ, ಉಪ್ಪಿಟ್ಟು ಮುಟ್ಟದೆ ಎದ್ದುಹೋದರು. ಆ ಮಾತು ಊರೆಲ್ಲ ಸುತ್ತಿತು. ಆಮೇಲೆ ಎರಡ್ಮೂರು ವರ್ಷ ಯಾರೂ ಬರಲಿಲ್ಲ.

"ವಿಷಯ ಸ್ಟುಡಿಯೋಗೆ ತಲುಪಿದ್ದು ಆಮೇಲೆ," ಎಂದರು ಅಕ್ಕ. "ಕೇಳಿದ್ ದಿನಾನೇ ಬಂದ್ರು. ಹಜಾರದಲ್ಲಿ ನಿಂತ್ಕೊಂಡು, ಅಳಿಸಿದ್ದು ನಾನು, ಹುಡುಗಿದೇನೂ ತಪ್ಪಿಲ್ಲ ಅಂದ್ರು. ಅಪ್ಪನಿಗೆ ಕೋಪ. ಹಾಗಾದ್ರೆ ನೀನೇ ಮದ್ವೆ ಮಾಡ್ಕೊಳಯ್ಯ ಅಂದ್ಬಿಟ್ರು. ಇವರು, ಮೊದ್ಲು ಹುಡುಗೀನ ಒಂದು ಮಾತು ಕೇಳಿ ಅಂದ್ರು."

ಮಾವನವರ ಆಯ್ಕೆಯ ಗುಟ್ಟು ಇದು! ಅಕ್ಕ ಒಪ್ಪಿದರು, ಒಂದು ಷರತ್ತಿನ ಮೇಲೆ. ಆ ಫೋಟೋ ತಮ್ಮ ಮನೆಯ ಗೋಡೆಯ ಮೇಲೆ, ಗಂಡನ ಕಣ್ಣೆದುರಿಗೇ ಇರಬೇಕು. ಹಾಗೆ ಅದು ಹದಿನೆಂಟು ವರ್ಷ ಇತ್ತು. ಅದರ ಕೆಳಗೆ ಕೂತು ನಾನು ಎಷ್ಟೋ ಭಾನುವಾರ ನಗುತ್ತಾ ಕಾಫಿ ಕುಡಿದಿದ್ದೆ. ನಿನಗೆ ಗೊತ್ತಿತ್ತೇ ಎಂದು ಹೆಂಡತಿಯನ್ನು ಕೇಳಿದೆ. ನೀವು ಯಾವತ್ತು ಕೇಳಿದ್ರಿ ಎಂದಳು.

"ಮೊನ್ನೆ ಕಾಗದ ಬಂದಾಗ ಇವರ ಮುಖ ನೋಡಿದೆ," ಎಂದರು ಅಕ್ಕ. "ಸಾಕು ಅನ್ನಿಸ್ತು. ನಾನೇ ಇಳಿಸ್ದೆ."

ಷಡ್ಡಕರು ಆ ಫೋಟೋದ ಗಾಜಿನ ನೆಗೆಟಿವನ್ನು ಅಷ್ಟು ವರ್ಷವೂ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರಂತೆ. ಅಕ್ಕ ಹೇಳದೆ ಅದನ್ನು ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ಆ ವಾರ ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಿನ ನೆನಪಿನಲ್ಲೇ ಪೆನ್ಸಿಲನ್ನು ಒರೆಸಿದ್ದರು. ಹೊಸ ಪ್ರತಿ ಇನ್ನೂ ಒದ್ದೆಯಾಗಿತ್ತು. ಹಿತ್ತಲಿನ ತಂತಿಗೆ, ಊರಿನವರ ರವಿಕೆಗಳ ನಡುವೆ, ಎರಡು ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದರು. ನಾನು ಹೋಗಿ ನೋಡಿದೆ. ಫೋಟೋದಲ್ಲಿ ಅಕ್ಕನಿಗೆ ಹತ್ತೊಂಬತ್ತು ವರ್ಷ. ಎಡಗೆನ್ನೆಯ ಮೇಲೆ ಮಚ್ಚೆ ಇತ್ತು. ತಲೆಯೆತ್ತಿದರೆ ಅಕ್ಕನೇ ಬಾಗಿಲಲ್ಲಿ ನಿಂತಿದ್ದರು, ತಲೆಯಲ್ಲಿ ಅಲ್ಲಲ್ಲಿ ನರೆ. ನಾನು ಆ ಮುಖ ಈ ಮುಖ, ಆ ಮುಖ ಈ ಮುಖ, ಷಡ್ಡಕರು ಗಾಜು ನೋಡುವ ಹಾಗೆ ಬೇಗಬೇಗ ನೋಡಿದೆ. ಅಷ್ಟು ವರ್ಷದಲ್ಲಿ ಎಲ್ಲ ಬದಲಾಗಿತ್ತು, ಮಚ್ಚೆ ಮಾತ್ರ ಇದ್ದಲ್ಲೇ ಇತ್ತು.